ಒಳಗೆ ಮಾತಾಡುವವಳು

ಮದನಪಲ್ಲಿ ಕಡೆಯ ಹಳ್ಳಿಯಿಂದ ಹಳೇ ಮೈಸೂರು ಸೀಮೆಯ ರೇಷ್ಮೆ ಊರು ವಿಜಯಪುರಕ್ಕೆ ಸೊಸೆಯಾಗಿ ಬಂದಾಗ ಮುನಿತಾಯಮ್ಮನಿಗೆ ಕನ್ನಡವೇ ಬರುತ್ತಿರಲಿಲ್ಲ. ತವರಿನಲ್ಲಿ ಅರಳು ಹುರಿದಂತೆ ತೆಲುಗು ಮಾತಾಡುತ್ತಿದ್ದ ಹುಡುಗಿ ಇಲ್ಲಿ ಎಲ್ಲದಕ್ಕೂ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. "ಪಾಪ, ಬಾಯಿ ಸತ್ತೋಳು" ಎಂದು ಬೀದಿಯವರು ಮರುಗಿದರು.

ಆದರೆ ಅವಳೊಳಗೆ ಒಬ್ಬಳಿದ್ದಳು. ಆ ಒಳಗಿನವಳು ಗಳಿಗೆ ಹೊತ್ತೂ ಬಾಯಿ ಮುಚ್ಚುತ್ತಿರಲಿಲ್ಲ. ಮುನಿತಾಯಮ್ಮ ಬಿಸಿನೀರಿನ ಮುಂದೆ ಕೂತು ರೇಷ್ಮೆಗೂಡಿನ ಎಳೆ ಹುಡುಕುವಾಗ, ಗಂಡ ಬೈರಪ್ಪನ ಕೊಕ್ಕರೆ ನಡಿಗೆಯನ್ನೋ ಅತ್ತೆ ಅಮ್ಮಯಮ್ಮನ ಗದರಿಕೆಯನ್ನೋ ಆ ಒಳಗಿನವಳು ತೆಲುಗಿನಲ್ಲಿ ಆಡಿಕೊಂಡು ಇವಳನ್ನು ನಗಿಸುತ್ತಿದ್ದಳು. ಅವಳೇ ನಿಜವಾದ ನಾನು, ಹೊರಗೆ ತಲೆಯಾಡಿಸುವವಳು ಯಾರೋ ಬೇರೆ ಎಂದೇ ಮುನಿತಾಯಮ್ಮ ನಂಬಿದ್ದಳು.

ಎರಡನೇ ಮಹಾಯುದ್ಧ ಬಂದು ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ದುಡಿಮೆಯ ನಡುವೆ ಮಗಳು ಹುಟ್ಟಿದಳು, ಕನ್ನಡವೂ ನಾಲಿಗೆಗೆ ಹತ್ತಿತು. ಆದರೂ ಬೇಕಾದಷ್ಟೇ ಮಾತು. ತಮ್ಮನ ಮದುವೆಗೆಂದು ತವರಿಗೆ ಹೋದಾಗ, ಅವ್ವ ಏನೋ ಕೇಳಿದ್ದಕ್ಕೆ ಅವಳು ಕನ್ನಡದಲ್ಲಿ ಉತ್ತರ ಕೊಟ್ಟುಬಿಟ್ಟಳು. ನೆಂಟರ ಹೆಂಗಸರು ಬಿದ್ದು ಬಿದ್ದು ನಕ್ಕರು.

ಹಿಂದಿರುಗುವಾಗ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಏರು ಹತ್ತಲಾರದೆ ಕೆಮ್ಮುತ್ತಾ ನಿಂತಿತು. "ಥೂ, ಇದಕ್ಕಿಂತ ನಮ್ಮ ಕುಂಟೆಮ್ಮೆ ವಾಸಿ" ಎಂದಳು ಒಳಗಿನವಳು. ಮುನಿತಾಯಮ್ಮ ಬೆಚ್ಚಿದಳು. ಒಳಗಿನವಳು ಆಡಿದ್ದು ಕನ್ನಡ!

ಮಾರನೆಯ ದಿನ ಗೂಡಿನ ಮುಂದೆ ಕೂತವಳ ಕಣ್ಣಲ್ಲಿ ನೀರು. ಅಮ್ಮಯಮ್ಮ ಹತ್ತಿರ ಬಂದಳು. "ಏನಾಯ್ತೇ? ತವರಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಅತ್ತೆಮ್ಮ. ನನ್ನೊಳಗೆ ಒಬ್ಳಿದ್ಲು, ತೆಲುಗಿನೋಳು. ಅವಳೂ ಕನ್ನಡ ಕಲ್ತ್‌ಬಿಟ್ಲು. ಇನ್ನು ನಾನು ಅನ್ನೋಳು ಯಾರು?"

ಅಮ್ಮಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಏನಂತಾಳೆ ಅವ್ಳು?"

ಮುನಿತಾಯಮ್ಮ ತಡವರಿಸಿದಳು. "ನಿಮ್ಮನ್ನ... ಗುಡುಗಮ್ಮ ಅಂತಾಳೆ."

ಅಮ್ಮಯಮ್ಮ ಒಂದು ಕ್ಷಣ ದುರುಗುಟ್ಟಿ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದವಳಿಗೆ ನಗು ನಿಲ್ಲಲೇ ಇಲ್ಲ. "ಇಷ್ಟು ವರ್ಷ ಇಂಥೋಳ್ನ ಒಳಗೇ ಕೂಡಾಕಿದ್ಯಾ? ಈಚೆಗ್ ಬಿಡೇ ಅವಳ್ನ!"

ಬಿಟ್ಟಳು. ಮೊದಮೊದಲು ಅತ್ತೆಯ ಮುಂದೆ ಮಾತ್ರ, ಆಮೇಲೆ ನೀರು ಸೇದುವ ಬಾವಿಯ ಹತ್ತಿರವೂ. ಅವಳು ಬರುವುದು ಕಂಡರೆ ಹೆಂಗಸರು ಕೊಡ ಇಳಿಸಿ ಕಾಯತೊಡಗಿದರು. ಎಷ್ಟೋ ಸಲ ಒಳಗೆ ಹುಡುಕಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಅದು ಅವಳಿಗೆ ಖಾಲಿ ಎನ್ನಿಸಲಿಲ್ಲ, ಹಗುರ ಎನ್ನಿಸಿತು. ಮಗಳಿಗೆ ತಲೆ ಬಾಚುವಾಗ ಮಾತ್ರ ತೆಲುಗು ತಾನಾಗಿ ಬರುತ್ತಿತ್ತು.

ಆ ವರ್ಷ ಅವರೆಕಾಯಿ ಕಾಲಕ್ಕೆ ಅವ್ವ ಬಂದಳು. ಅತ್ತೆಗೆ ತೆಲುಗು ಬಾರದು, ಅವ್ವನಿಗೆ ಕನ್ನಡ ಬಾರದು. ಜಗಲಿಯ ಮೇಲೆ ಇಬ್ಬರ ನಡುವೆ ಕೂತು ಕಾಯಿ ಸುಲಿಯುತ್ತಾ, ಮುನಿತಾಯಮ್ಮ ಇವಳದನ್ನು ಅವಳಿಗೂ ಅವಳದನ್ನು ಇವಳಿಗೂ ದಾಟಿಸಿದಳು. ನಡುವೆ ತನ್ನದೂ ಸೇರಿಸಿದಳು. ಮುದುಕಿಯರಿಬ್ಬರೂ ನಕ್ಕು ನಕ್ಕು ಸುಸ್ತಾದರು. ಅದರಲ್ಲಿ ಯಾರ ಮಾತು ಎಷ್ಟು ಎಂಬುದು ಅವಳಿಗೇ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ.