ಮೊಳೆಗೆ ಹೋಗದ ಅಚ್ಚು

ಬಿಸಿನೀರಿನಲ್ಲಿ ತೊಳೆದಾಗಲೆಲ್ಲ ಆ ಮರದ ಅಚ್ಚಿನಿಂದ ಏಲಕ್ಕಿಯ ಜೊತೆಗೆ ಹುಳಿಹಿಟ್ಟಿನ ವಾಸನೆಯೂ ಏಳುತ್ತದೆ. ಇವತ್ತು ಬೆಳಿಗ್ಗೆ ಪಾರ್ಸೆಲ್ ಮಾಡಲೆಂದು ತೊಳೆಯುತ್ತಿದ್ದೆ. ಪಕ್ಕದ ಮನೆಯ ಯೋಸೆಫ್ ಅಂಕಲ್ ನೆನಪಾದರು. ನನಗೇ ಅರವತ್ತು ದಾಟಿದೆ. ಆದರೂ ಎಂಬತ್ತೈದರ ಅವರನ್ನು ಅಂಕಲ್ ಎಂದು ಕರೆದು ಚಿಕ್ಕವನಾಗುವ ಸುಖವನ್ನು ನಾನು ಬಿಟ್ಟುಕೊಟ್ಟವನಲ್ಲ.

ಈ ಪರದೇಶದಲ್ಲಿ ನಮ್ಮಿಬ್ಬರ ಬಡಾವಣೆಯಾದ ಸ್ಕ್ರಿಪ್ಸ್ ರ್ಯಾಂಚಿನ ನೀಲಗಿರಿ ಮರಗಳ ಕೆಳಗೆ ನಿಂತು ಅವರು ಹೇಳುತ್ತಿದ್ದುದೆಲ್ಲ ಸ್ವಿಟ್ಜರ್ಲೆಂಡಿನ ತಮ್ಮ ಹಳ್ಳಿಯ ಕಥೆಯೇ. ನಲವತ್ತು ಮನೆ, ಊರಿಗೆಲ್ಲ ಒಂದೇ ಕಲ್ಲಿನ ಒಲೆ, ವರ್ಷಕ್ಕೆ ಎರಡೇ ಸಲ ಬೆಂಕಿ. ತಣ್ಣಗಿರುವ ಒಲೆ ಕಾಯಿಸಲು ಮೊದಲನೆಯವರಿಗೆ ಸೌದೆ ಹೆಚ್ಚು ಬೇಕು, ಹಾಗಾಗಿ ಸರದಿಗೆ ಚೀಟಿ ಎತ್ತುತ್ತಿದ್ದರಂತೆ. ಯಾರ ಬ್ರೆಡ್ ಯಾರದೆಂದು ತಿಳಿಯಲು ಮನೆಗೊಂದು ಅಚ್ಚು. ತಿಂಗಳುಗಟ್ಟಲೆ ಒಣಗಿದ ಆ ಬ್ರೆಡ್ಡನ್ನು ಕತ್ತಿಯಲ್ಲಿ ಕಡಿದು ತಿನ್ನುತ್ತಿದ್ದರಂತೆ. ನಿನ್ನೆಯ ಸಾರಿಗೆ ಮುಖ ಸಿಂಡರಿಸುವ ನಾನು ಅಂಥವರಿಗೆ ಕೈಮುಗಿಯಲೇಬೇಕು.

ಕೊರೊನಾ ಬಂದ ವರ್ಷದ ಡಿಸೆಂಬರಿನಲ್ಲಿ ಅಂಕಲ್ ನಮ್ಮ ಬಾಗಿಲಲ್ಲಿ ಒಂದು ಚೀಲ ಇಟ್ಟುಹೋದರು. ಒಳಗೆ ಬ್ರೆಡ್ಡು, ಮರದ ಅಚ್ಚು. ಆಗ ಹಾಲಿನ ಡಬ್ಬಿಯನ್ನೂ ಸೋಪು ಹಾಕಿ ತೊಳೆಯುತ್ತಿದ್ದ ನನ್ನವಳು ಚೀಲವನ್ನೂ ತೊಳೆದಳು. ಅದರಲ್ಲಿದ್ದ ಚೀಟಿ ಮುದ್ದೆಯಾಗಿ ಕಸದ ಬುಟ್ಟಿಗೆ ಹೋಯಿತು.

"ರೀ, ನೋಡಿ, ಸಂಕ್ರಾಂತಿಗೆ ಅಚ್ಚು ಕೊಟ್ಟಿದಾರೆ. ಎಷ್ಟ್ ತಿಳ್ಕೊಂಡಿದಾರೆ ನಮ್ ಬಗ್ಗೆ," ಎಂದಳು.

ನಾನೂ ಹೌದೌದು ಎಂದೆ. ಜನವರಿಯಲ್ಲಿ ಕೊಬ್ಬರಿ ಮಿಠಾಯಿಯ ಮೇಲೆ ಅದನ್ನೇ ಒತ್ತಿ, ಎಳ್ಳುಬೆಲ್ಲದ ಜೊತೆ ಒಂದು ತಟ್ಟೆ ಅವರ ಬಾಗಿಲಲ್ಲಿಟ್ಟು ಬಂದೆವು.

ಸಂಜೆ ಅವರ ಫೋನು. ಮೆಲ್ಲಗೆ ಹೇಳಿದರು: "ಆ ಅಚ್ಚನ್ನು ಊರಿಗೆ ಪೋಸ್ಟ್ ಮಾಡಿ ಅಂತ ಬರೆದಿದ್ದೆ. ನನಗೆ ಮಕ್ಕಳಿಲ್ಲ. ಮುಗಿದುಹೋದ ಮನೆಯ ಅಚ್ಚನ್ನು ಒಲೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಮತ್ತೆ ಯಾರೂ ಅದನ್ನು ಒತ್ತುವ ಹಾಗಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಳೆಯೇ ಕಳಿಸುತ್ತೇನೆ ಎಂದೆ.

"ಬೇಡ," ಎಂದರು. "ಎರಡು ತಿಂದೆ. ಚೆನ್ನಾಗಿದೆ. ಇನ್ನೊಂದು ವರ್ಷ ಇರಲಿ."

ಮುಂದಿನ ಸಂಕ್ರಾಂತಿಗೂ ಅದೇ ತಟ್ಟೆ, ಅದೇ ಮಾತು. ಅದರ ಮುಂದಿನದಕ್ಕೂ. ಮಿಠಾಯಿಯ ಮೇಲಿನ ಗೆರೆಗಳನ್ನು ಬೆರಳಲ್ಲಿ ಸವರಿ, "ಇನ್ನೊಂದು ವರ್ಷ ಇರಲಿ," ಎನ್ನುವರು. ಅಪ್ಪಣೆ ಕೊಡುವ ಯಜಮಾನನ ಗತ್ತು ಆಗ ಅವರಿಗೆ ಬರುತ್ತಿತ್ತು. ನನಗೆ ಅದು ಬಹಳ ಇಷ್ಟ.

ಕಳೆದ ಬೇಸಿಗೆಯಲ್ಲಿ ಅಂಕಲ್ ಹೋದರು. ಅಚ್ಚು ನಮ್ಮಲ್ಲಿದೆಯೆಂದು ಅವರೇ ಊರಿಗೆ ತಿಳಿಸಿದ್ದರಂತೆ; ಹದಿನೈದು ದಿನದ ಹಿಂದೆ ಅವರ ಹಳ್ಳಿಯಿಂದ ನನಗೆ ಕಾಗದ ಬಂತು: ಮೊಳೆ ಹೊಡೆದಾಗಿದೆ, ಅಚ್ಚು ಯಾವಾಗ ಬರುತ್ತದೆ? ಅಪ್ಪಣೆ ಕೊಡುವವರೇ ಇಲ್ಲದ ಮೇಲೆ ಇಟ್ಟುಕೊಳ್ಳಲು ನಾನು ಯಾರು? ಅದಕ್ಕೇ ಇವತ್ತು ತೊಳೆದು, ಒರೆಸಿ, ಡಬ್ಬಿಗೆ ಹಾಕಿದೆ.

ಹಬ್ಬಕ್ಕೆಂದು ಸ್ಯಾಂಟಾ ಕ್ಲಾರಿಟಾದಿಂದ ಬಂದಿದ್ದ ಮಗಳು ನೋಡುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಡಬ್ಬಿಯಿಂದ ಅಚ್ಚನ್ನು ತೆಗೆದು, ಅಮ್ಮ ತಟ್ಟಿಟ್ಟಿದ್ದ ಬಿಸಿ ಮಿಠಾಯಿಯ ಮೇಲೆ ಒತ್ತಿದಳು.

"ಇನ್ನೊಂದು ವರ್ಷ ಇರ್ಲಿ ಅಪ್ಪಾ," ಎಂದಳು.

ಡಬ್ಬಿ ಹೇಗೂ ಸಿದ್ಧವಾಗಿತ್ತು. ಅದರ ತುಂಬ ಅಚ್ಚೊತ್ತಿದ ಮಿಠಾಯಿ ಹಾಕಿ, ಆ ಹಳ್ಳಿಯ ವಿಳಾಸ ಬರೆದೆ.