ಆಕ್ಲೆಂಡಿನಿಂದ ಸಾಂಬ್ರಾಕ್ಕೆ ಹದಿನೈದು ತಾಸಂತೆ!

ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ಹೊಸತರಲ್ಲಿ ಮನೆಯೊಡತಿ ‘ಉತ್ತರದ ಕಿಟಕಿ, ಬಿಸಿಲು ಚೆನ್ನಾಗಿ ಬರುತ್ತದೆ’ ಎಂದಾಗ ನನಗೆ ಸಂಶಯ ಬಂತು. ಬಾಡಿಗೆಗೋಸ್ಕರ ದಿಕ್ಕನ್ನೇ ತಿರುಗಿಸುತ್ತಾಳಲ್ಲ ಇವಳು! ಬೆಳಗಾವಿಯ ಮಹಾಂತೇಶ ನಗರದಾಕಿ ನಾನು, ಬದನೆಕಾಯಿಯನ್ನೂ ತಿರುವಿ ಮುರುವಿ ನೋಡದೆ ಚೀಲಕ್ಕೆ ಹಾಕಿದವಳಲ್ಲ. ವಾರಗಟ್ಟಲೆ ಕಿಟಕಿಯಲ್ಲಿ ಕೂತು ನೋಡಿದ ಮೇಲೆಯೇ ನಂಬಿದ್ದು. ಇಲ್ಲಿಯವರು ಗೆಣಸಿಗೆ ‘ಕೂಮರ’ ಎನ್ನುತ್ತಾರೆ. ಅದನ್ನೂ ಕುದಿಸಿ ತಿಂದು, ನಮ್ಮ ಗೆಣಸೇ ಎಂದು ಖಾತ್ರಿಯಾದ ಮೇಲೆ ಹೋಳಿಗೆ ಮಾಡಿದೆ. ನಾನು ಅಡುಗೆ ಮಾಡುವ ವೃದ್ಧಾಶ್ರಮದ ಅಜ್ಜಿಯರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಇಂಥ ಸಂಶಯದವಳು ಒಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ.

ನನ್ನ ತಮ್ಮ ಬಸುಗೆ ಮಗಳು ಹುಟ್ಟಿದಳು. ನಮ್ಮ ಕಡೆ ಹೆಸರಿಡುವಾಗ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳುತ್ತಿರುವಾಗಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಬಸುಗೆ ನಾನೊಬ್ಬಳೇ ಅಕ್ಕ, ಆ ಗುದ್ದು ನನ್ನ ಹಕ್ಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಇಲ್ಲಿಂದ ಎಷ್ಟು ದೂರ ಎಂದು ಫೋನಿನಲ್ಲಿ ನೋಡಿದೆ. ಹನ್ನೆರಡು ಸಾವಿರ ಕಿಲೋಮೀಟರಿನ ಆಚೀಚೆ, ಹಾರಾಟ ಹದಿನೈದು ತಾಸು ಅಂತಿತ್ತು.

“ಹದಿನೈದ ತಾಸಿನ್ಯಾಗ ಬಂದ ಬಿಡ್ತೀನಿ” ಎಂದೆ.

“ಬುಧವಾರ ಸಂಜಿಮುಂದ, ಖಾನಾಪುರದಾಗ ಬೀಗರ ಮನ್ಯಾಗ” ಎಂದ ಬಸು.

ಟಿಕೆಟ್ ತೆಗೆಯುವಾಗ ತಿಳಿಯಿತು, ನೇರ ವಿಮಾನವೇ ಇಲ್ಲ. ಸಿಂಗಪುರ, ಬೆಂಗಳೂರು, ನಡುವೆ ಕಾಯುವುದು, ಎಲ್ಲ ಸೇರಿ ಮೂವತ್ತು ತಾಸು. ಹೊರಡುವುದು ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ, ಸಾಂಬ್ರಾದಲ್ಲಿ ಇಳಿಯುವುದು ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ. ಬೆರಳು ಮಡಚಿ ಎಣಿಸಿದೆ, ಇಪ್ಪತ್ತಮೂರೂವರೆ ಬಂತು. ಉಳಿದ ಆರೂವರೆ ತಾಸು ಯಾರು ನುಂಗಿದರು? ನಿಮ್ಮ ಊರಿನ ಗಡಿಯಾರ ಹಿಂದಿದೆ ಎಂದ ಏಜೆಂಟ್. ನಮ್ಮ ಊರು ಹಿಂದಂತೆ!

ಬೆಂಗಳೂರಿಗೆ ತಡವಾಗಿ ಇಳಿದು ಸಾಂಬ್ರಾ ವಿಮಾನ ತಪ್ಪಿತು, ಮುಂದಿನದು ಮರುದಿನವೇ. ಸಿಟ್ಟಿಗೆ ಫೋನ್ ಬಂದ್ ಮಾಡಿಟ್ಟೆ. ಬೀಗರು ನನ್ನನ್ನು ತಪ್ಪಿಸಲೆಂದೇ ಬುಧವಾರ ಹಿಡಿದಿದ್ದಾರೆ, ನನ್ನ ಜಾಗದಲ್ಲಿ ದೊಡ್ಡಪ್ಪನ ಮಗಳು ಶಾಂತಕ್ಕ ಬಗ್ಗಿರುತ್ತಾಳೆ, ಇದು ಖಾತ್ರಿ. ಗುರುವಾರ ಬೆಳಿಗ್ಗೆ ಸಾಂಬ್ರಾದಲ್ಲಿ ಕಾರು ಹತ್ತಿದವಳಿಗೆ ಖಾನಾಪುರ ರಸ್ತೆಯ ಪೀರನವಾಡಿಯ ಗದ್ದಲದಲ್ಲಿ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ್ರಿ ಅಕ್ಕಾರ, ಖಾನಾಪುರ ಇಲ್ಲೇ ಐತಿ” ಎಂದ ಡ್ರೈವರ್.

“ಇಲ್ಲೇ ಅಂದ್ರ ಎಷ್ಟ ತಾಸು?”

“ಇಲ್ಲೇ ರೀ.”

ಬೀಗರ ಮನೆಯಲ್ಲಿ ಹೆಂಗಸರು ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು. ಬಸುನ ಹೆಂಡತಿ ಸುಜಾತಾ ಬಾಣಂತಿ ಕೋಣೆಯಿಂದಲೇ ನಕ್ಕಳು. “ಬರ್ರಿ ಅಕ್ಕಾರ, ಕುಂದರ್ರಿ. ಹೆಸರಿಡೂದು ಇವತ್ತ ಸಂಜಿಮುಂದ. ನೀವು ಹದಿನೈದ ತಾಸು ಅಂದ ಕೂಡ್ಲೆ ನನಗ ಸಂಶೆ ಬಂತು. ಅದಕ್ಕ ನಾನ ಒಂದಿನ ಮೊದಲಿನ ದಿನಾ ಹೇಳಿಸೇನಿ. ನಿನ್ನಿಯಿಂದ ಫೋನ್ ಹಚ್ಚಿ ಹಚ್ಚಿ ಸಾಕಾತು.”

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ.

ಸಂಜೆ ತೊಟ್ಟಿಲಿಗೆ ಬಗ್ಗಿ ‘ಕುರ್ರ್, ನೀಲಾ’ ಎಂದೆ. ಬೆನ್ನ ಮೇಲೆ ದಬದಬ ಬಿತ್ತು. ಬೀಗತಿ ಬೇಕಂತಲೇ ಜೋರಾಗಿ ಗುದ್ದಿದರೆಂದು ಈಗಲೂ ನನ್ನ ಗುಮಾನಿ. ಊಟದ ಹೊತ್ತಿಗೆ ಶಾಂತಕ್ಕ ಕೇಳಿದಳು, “ನಿಮ್ಮ ಊರಿಗೆ ಹೊಳ್ಳಿ ಯಾವಾಗ ಹೋಗಾಕಿ?” ಊರಿಗಂತೆ! ಹೊರಡುವ ದಿನ ವೃದ್ಧಾಶ್ರಮದ ಅಜ್ಜಿಯೂ ಇದನ್ನೇ ಕೇಳಿದ್ದಳು, ಮನೆಗೆ ಯಾವಾಗ ಬರುತ್ತೀ ಎಂದು. ಇಬ್ಬರಿಗೂ ತಾರೀಖು ಹೇಳಿದೆ.

ಎರಡು ದಿನಕ್ಕೇ ರಜೆ ಮುಗಿಯಿತು. ಮರಳುವಾಗ ವಿಮಾನದ ಸೀಟಿಗೆ ಒರಗಿದರೆ ಬೆನ್ನು ನೋಯುತ್ತಿತ್ತು, ಹಿತವಾಗಿತ್ತು. ಸಿಂಗಪುರದವರೆಗೂ ಇತ್ತು. ಆಕ್ಲೆಂಡಿನಲ್ಲಿ ಇಳಿದು ಕೈ ಹಿಂದೆ ಮಾಡಿ ಒತ್ತಿ ಒತ್ತಿ ನೋಡಿಕೊಂಡೆ. ನೋವಿರಲಿಲ್ಲ. ಸಾಮಾನು ಕಳಕೊಂಡವಳ ಹಾಗೆ ಅಲ್ಲೇ ನಿಂತು ಅತ್ತೆ.