ಐವತ್ತೆಂಟು ಎಂದಿತ್ತು ಮೀಟರ್

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಪೆನ್ನಿನಂಥ ಒಂದು ಮೀಟರ್ ಇದೆ. ಹಲ್ಲಿಗೆ, ಜಿರಳೆಗೆ ಹೆದರದ ನಾನು ಅದಕ್ಕೆ ಹೆದರುತ್ತೇನೆ. ಚಮಚ ಹುಡುಕುವಾಗ ಅದು ಉರುಳಿ ಟಕ್ ಎಂದರೆ ಸಾಕು, ಕೈ ಅಲ್ಲೇ ನಿಲ್ಲುತ್ತದೆ.

ತಂದವನು ನಾನೇ. ಮುಂಬಯಿಯ ದಹಿಸರ್‌ನ ನಮ್ಮ ಬಿಲ್ಡಿಂಗಿಗೆ ನೀರಿನ ಫಿಲ್ಟರ್ ಮಾರುವವನೊಬ್ಬ ಬಂದು, ಮನೆಮನೆಯ ನೀರಿಗೂ ಇಂಥದೊಂದನ್ನು ಅದ್ದಿ ಹೆದರಿಸಿ ಹೋಗಿದ್ದ. ನನಗೆ ಫಿಲ್ಟರ್ ಬೇಡವೆನಿಸಿತು, ಮೀಟರ್ ಬೇಕೆನಿಸಿತು. ತುದಿಯಲ್ಲಿ ಎರಡು ಲೋಹದ ಕಡ್ಡಿ. ಅದ್ದಿ ಗುಂಡಿ ಒತ್ತಿದರೆ ಅಂಕಿ. ನಮ್ಮ ನಲ್ಲಿಯ ನೀರು ಐವತ್ತೆಂಟು. ಐನೂರರವರೆಗೂ ಚಿಂತೆಯಿಲ್ಲವೆಂದು ಜೊತೆಗಿದ್ದ ಚೀಟಿಯಲ್ಲಿತ್ತು. ಊರಿಗೆ ನೀರು ಕೊಡುವ ಕೆರೆಯನ್ನು ನಾನೇ ತೋಡಿಸಿದವನಂತೆ ಬೀಗಿದೆ.

ಮೂರನೆಯ ದಿನ ನೂರ ಹದಿನಾರು ಬಂತು. ನೀರು ಎರಡರಷ್ಟು ಕೆಟ್ಟಿತೆಂದು ಏದುಸಿರು ಬಿಡುತ್ತ ಟೆರೇಸಿನ ಟ್ಯಾಂಕಿನವರೆಗೆ ಹತ್ತಿ ಇಳಿದೆ. ಕಾಲೇಜಿಗೆ ಹೊರಟಿದ್ದ ಮಗಳು ಶ್ರಾವ್ಯ ಮೀಟರ್ ಕಸಿದುಕೊಂಡು ನೋಡಿ ನಕ್ಕಳು. "ಪಪ್ಪಾ, ನೀವು ದುಸ್ರಾ ಬಟನ್ ಒತ್ತಿದ್ದೀರಿ. ಪಾನಿ ಸೇಮ್ ಇದೆ."

ಆಗ ಕೂತು ಆ ಚೀಟಿ ಓದಿದೆ. ಮೀಟರಿಗೆ ಗೊತ್ತಿರುವುದು ಒಂದೇ ಕೆಲಸ: ಒಂದು ಕಡ್ಡಿಯಿಂದ ಇನ್ನೊಂದಕ್ಕೆ ನೀರಿನೊಳಗೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುವುದು. ಅದು ವಾಹಕತೆ. ಕರಗಿದ ಉಪ್ಪು, ಖನಿಜ ಹೆಚ್ಚಿದ್ದಷ್ಟೂ ಹರಿವು ಹೆಚ್ಚು. ಆ ಅಂಕಿಯನ್ನೇ ಸುಮಾರು ಅರ್ಧ ಮಾಡಿ, ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಕರಗಿದೆ ಎಂದು ಇನ್ನೊಂದು ಗುಂಡಿ ಹೇಳುತ್ತದೆ. ತೂಗಿ ಹೇಳುವುದಲ್ಲ, ಅಂದಾಜಿನಲ್ಲಿ ಹೇಳುವುದು. ಇಷ್ಟನ್ನೆಲ್ಲ ಅರ್ಥ ಮಾಡಿಕೊಂಡವನು ಮುಂದಿನ ಒಂದು ಪ್ಯಾರಾ ಓದಬೇಕಿತ್ತು. ಓದಲಿಲ್ಲ.

ನನ್ನ ಹೆಂಡತಿ ಸುಮತಿ ಉಡುಪಿಯವಳು. ಕುಡಿಯುವ ನೀರಿಗೆ ಜೀರಿಗೆ ಹಾಕಿ ಕುದಿಸದೆ ಅವಳ ಬೆಳಗು ಶುರುವಾಗುತ್ತಿರಲಿಲ್ಲ. ಐವತ್ತೆಂಟರ ನೀರನ್ನು ಕುದಿಸಿ ಗ್ಯಾಸ್ ಏಕೆ ಸುಡಬೇಕೆಂದು ನಾನು ನಿಲ್ಲಿಸಿದೆ.

"ಎಂತ ಮಾರಾಯ್ರೆ, ಆ ಕಡ್ಡಿಗೆ ಹೊಟ್ಟೆ ಉಂಟಾ? ಕುಡಿಯುದು ನಾವಲ್ವಾ?" ಎಂದಳು.

"ವಿಜ್ಞಾನ ಕಣೇ" ಎಂದೆ.

ದಿನಾ ಬೆಳಿಗ್ಗೆ ಅಳೆದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟೆ. ಹೆಚ್ಚು ಕಡಿಮೆ ಎರಡು ತಿಂಗಳಾದ ಮೇಲೆ ಶ್ರಾವ್ಯಳಿಗೆ ಜ್ವರ ಬಂತು, ಊಟ ಸೇರದಾಯಿತು. ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತಿದ್ದಳು. ಕಣ್ಣಿನ ಬಿಳಿ ಅರಿಸಿನದ ನೀರಿನಂತೆ ಕಂಡಿತು. ಕಾಮಾಲೆ. ಡಾಕ್ಟರರು ಕೇಳಿದ ಎರಡನೆಯ ಪ್ರಶ್ನೆಯೇ, "ಪಾನಿ ಉಬಾಲ್‌ಕೇ ಪೀತೇ ಹೋ ನಾ?" ಕುದಿಸುತ್ತಿಲ್ಲವೆಂದು ನಾನೇ ಹೇಳಬೇಕಾಯಿತು.

ಮಗಳನ್ನು ಆಸ್ಪತ್ರೆಗೆ ಸೇರಿಸಿ, ಬಟ್ಟೆ ತರಲು ಮನೆಗೆ ಬಂದವನು ಮೊದಲು ಮಾಡಿದ್ದು ನಲ್ಲಿಯ ನೀರಿಗೆ ಮೀಟರ್ ಅದ್ದಿದ್ದು. ಐವತ್ತೊಂಬತ್ತು. ಆ ಚೀಟಿಯನ್ನು ಹುಡುಕಿ ತೆಗೆದೆ. ರೋಗಾಣು ವಿದ್ಯುತ್ತಿಗೆ ದಾರಿ ಬಿಡುವುದೂ ಇಲ್ಲ, ಕಟ್ಟುವುದೂ ಇಲ್ಲ. ಮೀಟರಿನ ಪಾಲಿಗೆ ಅದು ಇಲ್ಲವೇ ಇಲ್ಲ. ನಾನು ಓದದೆ ಬಿಟ್ಟ ಪ್ಯಾರಾದಲ್ಲಿ ಇದ್ದದ್ದು ಅಷ್ಟೇ.

ಅದೇ ವಾರ ಬಿಲ್ಡಿಂಗಿನ ಇನ್ನಿಬ್ಬರು ಕಾಮಾಲೆಯಿಂದ ಮಲಗಿದರು. ನೆಲದೊಳಗಿನ ಟ್ಯಾಂಕ್ ತೆರೆಸಿದಾಗ ಗಟಾರದ ಕಡೆಯ ಗೋಡೆಯಲ್ಲಿ ಬಿರುಕು ಕಂಡಿತು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತೆ. ಐವತ್ತೆಂಟು, ಐವತ್ತೆಂಟು, ಅರವತ್ತೊಂದು, ಐವತ್ತೊಂಬತ್ತು. ಗಟಾರ ಒಳಗೆ ಬಂದ ದಿನ ಯಾವುದೆಂದು ಇಂದಿಗೂ ನನಗೆ ಗೊತ್ತಾಗಿಲ್ಲ.

ಹನ್ನೊಂದು ದಿನದ ಮೇಲೆ ಶ್ರಾವ್ಯ ಮನೆಗೆ ಬಂದಳು. ಸುಮತಿ ದೊಡ್ಡ ಪಾತ್ರೆ ಒಲೆಗಿಟ್ಟಳು. ಆರಿದ ಜೀರಿಗೆ ನೀರಿಗೆ ಮಗಳು ತುಂಟತನದಿಂದ ಮೀಟರ್ ಅದ್ದಿದಳು: ಎಪ್ಪತ್ತನಾಲ್ಕು. "ಪಪ್ಪಾ, ಜಾಸ್ತಿ ಬಂತು! ಕುಡೀಲಾ?" ಮೊದಲ ಲೋಟ ನಾನು ಕುಡಿದೆ.

ಈಗಲೂ ದಿನಾ ಬೆಳಿಗ್ಗೆ ಅವಳನ್ನು ಕಿಟಕಿಯ ಬೆಳಕಿಗೆ ಕರೆದು, ಕಣ್ಣಿನ ರೆಪ್ಪೆ ಎತ್ತಿ ನೋಡುತ್ತೇನೆ. ಲೋಕಲ್ ಟ್ರೇನ್ ತಪ್ಪುತ್ತದೆಂದು ಗೊಣಗುತ್ತಲೇ ನಿಲ್ಲುತ್ತಾಳೆ.

"ರೀಡಿಂಗ್ ಎಷ್ಟು ಬಂತು, ಪಪ್ಪಾ?"

"ಬಿಳಿ" ಎನ್ನುತ್ತೇನೆ. ಆಮೇಲೆ ಇನ್ನೊಂದು ಕಣ್ಣು ನೋಡುತ್ತೇನೆ.